ನಮ್ಮ ಗೊಬ್ಬರದ ಲಾರಿ

ನಾನೂ ನಮ್ಮವರೂ ವರ್ಷಗಟ್ಟಲೆ ಒಂದೇ ವಿಷಯಕ್ಕೆ ಜಗಳವಾಡಿದ್ದೇವೆ. ಇರುವ ಲಾರಿಯನ್ನೇ ರಿಪೇರಿ ಮಾಡಿಸಿಕೊಂಡು ಓಡಿಸುವುದೋ, ಅದನ್ನು ಕೊಟ್ಟು ಬೇರೆ ತೆಗೆದುಕೊಳ್ಳುವುದೋ. ಬೇರೆ ತೆಗೆದುಕೊಳ್ಳೋಣ ಎನ್ನುತ್ತಿದ್ದವಳು ನಾನು. ಅವರು ಊಟದ ತಟ್ಟೆ ಮುಂದಿಟ್ಟುಕೊಂಡು, ತಲೆ ಎತ್ತದೆ, "ಅದಕ್ಕೇನಾಗೈತೆ, ಇನ್ನೂ ಓಡ್ತೈತೆ" ಎನ್ನುತ್ತಿದ್ದರು. ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಮತ್ತೆ ಲಾರಿ ಎಲ್ಲಾದರೂ ಕೆಟ್ಟು ನಿಂತ ದಿನ ಶುರುವಾಗುತ್ತಿತ್ತು.

ನಮ್ಮೂರು ಗೋವಿನಕೋವಿ. ಜಗಳೂರು ಕಡೆ, ಬಿಳಿಚೋಡಿನ ಸುತ್ತಮುತ್ತಲ ಕುರಿ ದೊಡ್ಡಿಗಳಲ್ಲಿ ಗೊಬ್ಬರ ಕೊಂಡು ಚನ್ನಗಿರಿ ಕಡೆಯ ತೋಟಗಳಿಗೆ ಹಾಕಿ ಬರುವುದು ನಮ್ಮ ಕಸುಬು. ಅಲ್ಲಿ ಕುರಿ ಹೆಚ್ಚು, ನೀರು ಕಡಿಮೆ. ಇಲ್ಲಿ ನೀರಿದ್ದರೂ ಗೊಬ್ಬರ ಸಾಲದು. ಈ ಎರಡರ ನಡುವೆ ಓಡಾಡಿಕೊಂಡು ನಮ್ಮ ಸಂಸಾರ ನಡೆಯಿತು. ಮದುವೆಯಾದ ಹೊಸದರಲ್ಲಿ ನಾನು ಮನೆಯಲ್ಲೇ ಇರುತ್ತಿದ್ದೆ. ಆಮೇಲೆ ಅತ್ತೆ ತೀರಿಕೊಂಡರು, ಮಕ್ಕಳೂ ಆಗಲಿಲ್ಲ. ಖಾಲಿ ಮನೆಯಲ್ಲಿ ಕೂತು ಏನು ಮಾಡುತ್ತೀಯ ಅಂತ ಅವರೇ ಒಂದು ದಿನ ಲಾರಿ ಹತ್ತಿಸಿಕೊಂಡು ಹೋದರು. ಗೊಬ್ಬರದ ವ್ಯಾಪಾರದಲ್ಲಿ ನಾನು ಉಪಯೋಗಕ್ಕೆ ಬರುತ್ತೇನೆ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಕುರಿ ಕಾಯಲು ಗಂಡಸರು ಊರೂರು ತಿರುಗುತ್ತಾರೆ. ದೊಡ್ಡಿ ಗುಡಿಸಿ ಗೊಬ್ಬರ ಒಟ್ಟುವವರು ಹೆಂಗಸರು. "ನೀನು ಬಂದ್ರೆ ಮಾತಾಡಾಕೆ ಸಲೀಸು ಕಣಕ್ಕ, ನಿಮ್ಮೆಜಮಾನ್ರು ಬರೀ ರಾಶಿ ನೋಡ್ತಾರೆ, ಮನುಷ್ಯರ ಮುಖ ನೋಡಲ್ಲ" ಎಂದು ಬಿಳಿಚೋಡಿನ ಹತ್ತಿರದ ಒಬ್ಬಾಕೆ ನಕ್ಕಿದ್ದು ಇನ್ನೂ ನೆನಪಿದೆ.

ಮಕ್ಕಳಿಲ್ಲದ್ದಕ್ಕೆ ಜನ, ಲಾರೀನೇ ನಿಮ್ಮ ಮಗ ಅನ್ನುತ್ತಿದ್ದರು. ಆ ಮಾತು ನನಗೆ ಎಂದೂ ಹಿಡಿಸಲಿಲ್ಲ. ಲಾರಿ ಲಾರಿಯೇ. ಅದರಲ್ಲಿ ನನ್ನ ಕಡೆಯ ಬಾಗಿಲು ಹಗ್ಗದಿಂದ ಕಟ್ಟಿದ್ದು. ಕಾಲಿನ ಕೆಳಗಿನ ತಗಡು ತುಕ್ಕು ತಿಂದು ರಸ್ತೆ ಕಾಣುತ್ತಿತ್ತು, ಅದರ ಮೇಲೊಂದು ಹಲಗೆ ಹಾಕಿಕೊಂಡು ಕೂರುತ್ತಿದ್ದೆ. ಎಂಜಿನ್ನಿನ ಗದ್ದಲಕ್ಕೆ ಕೂಗಿಯೇ ಮಾತಾಡಬೇಕು. ನಮ್ಮಿಬ್ಬರ ಗಂಟಲೂ ಹಾಗೆಯೇ ದೊಡ್ಡದಾಗಿ, ಮನೆಗೆ ಬಂದ ಮೇಲೂ ಕೂಗಾಡುತ್ತಿದ್ದೆವು. ಅಕ್ಕಪಕ್ಕದವರು ದಿನಾ ಜಗಳ ಎಂದುಕೊಂಡಿರಬೇಕು.

ಹೋದ ಮಳೆಗಾಲಕ್ಕೆ ಮುಂಚೆ ಚನ್ನಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ, ಸಂತೆಯ ದಿನ, ತುಂಬಿದ ಗೊಬ್ಬರದ ಸಮೇತ ಲಾರಿ ನಿಂತುಬಿಟ್ಟಿತು. ರೇಡಿಯೇಟರಿನಿಂದ ಹಬೆ ಏಳುತ್ತಿತ್ತು. ಹಿಂದೆ ಬಸ್ಸುಗಳು, ಅಡಿಕೆ ಚೀಲ ಹೇರಿಕೊಂಡ ಗಾಡಿಗಳು, ಎಲ್ಲರದೂ ಹಾರ್ನು. ಮೂಗು ಮುಚ್ಚಿಕೊಂಡ ಒಬ್ಬ ಬಂದು, "ನಿಮ್ಗೆ ಇದನ್ನ ತಿಪ್ಪೆಗೆ ಹಾಕಾಕೆ ಏನ್ರೀ ಕಷ್ಟ" ಎಂದ. ನಾನು ಇಳಿದು ಜನರ ಮಧ್ಯೆ ಹೋಗಿ ಹೋಟೆಲಿನಿಂದ ನೀರು ತಂದೆ. ಆ ದಿನ ಊರಿಗೆ ವಾಪಸ್ ಬರುವಾಗ ನಾನು ಕೂಗಿ ಹೇಳಿದೆ, "ಇನ್ನ ಸಾಕು. ಬೇರೆ ತಗಳಾದು. ಇಲ್ಲಂದ್ರೆ ನಾನು ಇದನ್ನ ಹತ್ತಲ್ಲ."

ಅವರು ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯ.

ಶಿವಮೊಗ್ಗದ ಒಂದು ಶೋರೂಮಿಗೆ ಹೋದೆವು. ಹೊಸ ಲಾರಿ ಬಣ್ಣ ಬಣ್ಣವಾಗಿ ನಿಂತಿತ್ತು. ಅಲ್ಲಿನವರು ಮರ್ಯಾದೆಯಿಂದಲೇ ಮಾತಾಡಿದರು, ಕೂತು ನೋಡಿ ಯಜಮಾನ್ರೇ ಎಂದು ಬಾಗಿಲು ತೆಗೆದರು. ನಾನೂ ಇನ್ನೊಂದು ಕಡೆಯಿಂದ ಹತ್ತಿದೆ. ಸೀಟು ಮೆತ್ತಗಿತ್ತು. ಎಂಜಿನ್ ಶುರು ಮಾಡಿದರೆ ಒಳಗೆ ಕೂತವರಿಗೆ ಗೊತ್ತೇ ಆಗದಷ್ಟು ಸಣ್ಣ ಸದ್ದು. ಮೊದಲ ಬಾರಿಗೆ ಲಾರಿಯಲ್ಲಿ ಕೂತು ಮೆಲ್ಲಗೆ ಮಾತಾಡಬಹುದು ಅನ್ನಿಸಿ ನನಗೆ ಖುಷಿಯಾಯಿತು. ನಮ್ಮವರು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟರು. ಸ್ವಲ್ಪ ಹೊತ್ತು ನೋಡಿದರು. ಬಲಗೈಯನ್ನು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡರು. ಎಂಜಿನ್ ಆರಿಸಿ ಇಳಿದುಬಿಟ್ಟರು.

"ಬ್ಯಾಡ. ನಡಿ ಹೋಗಾನ."

"ಯಾಕ್ರೀ, ಏನಾತು?"

"ಇದು ನನಗೆ ಆಗ್ಬರಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅವರ ಜೊತೆ ಮಾತಾಡಲಿಲ್ಲ. ಹಟ ಎಂದುಕೊಂಡೆ. ಕಷ್ಟಪಟ್ಟು ಒಪ್ಪಿಸಿದ್ದನ್ನು ಹೀಗೆ ಹಾಳು ಮಾಡಿದರಲ್ಲ ಎಂದು ಉರಿಯಿತು.

ಹಾಗಾಗಿ ಮತ್ತೆ ರಿಪೇರಿ. ಆಗಿನ ಮುಖ್ಯ ತಕರಾರು ಸ್ಟೇರಿಂಗಿನದು. ಸ್ಟೇರಿಂಗ್ ಅಲುಗುತ್ತದೆ, ಗಾಡಿ ಎಡಕ್ಕೂ ಬಲಕ್ಕೂ ಎಳೆಯುತ್ತದೆ ಎಂದು ಅವರು ಹೇಳುತ್ತಿದ್ದರು. ನನಗೂ ಕಾಣುತ್ತಿತ್ತು. ತುಂಬಿದ ಲಾರಿ ರಸ್ತೆಯ ಅಂಚಿಗೆ ಹೋಗಿ ಥಟ್ಟನೆ ಮಧ್ಯಕ್ಕೆ ಬರುತ್ತಿತ್ತು. ಹೊನ್ನಾಳಿಯಲ್ಲಿ ನಮಗೆ ಹಳೆಯ ಗ್ಯಾರೇಜು. ಅದನ್ನು ನಡೆಸುವವನು ನಮ್ಮವರಿಗಿಂತ ಚಿಕ್ಕವನು. ಅವರನ್ನು ಅಣ್ಣ, ನನ್ನನ್ನು ಅತ್ತಿಗೆ ಎಂದು ಕರೆಯುತ್ತಿದ್ದ. ಅವನು ಮುಂದಿನ ಚಕ್ರ ಬಿಚ್ಚಿ ಬುಶ್ಶು, ಬೇರಿಂಗು ಹಾಕಿದ. ಎಳೆಯುವುದು ನಿಲ್ಲಲಿಲ್ಲ. ಸ್ಟೇರಿಂಗ್ ಡಬ್ಬಿಯನ್ನೇ ಇಳಿಸಿ ಒಳಗಿನ ಸಾಮಾನು ಬದಲಿಸಿದ. ಆಗಲೂ ನಿಲ್ಲಲಿಲ್ಲ. ಮುಂದಿನ ಟಯರ್ ಹೊಸದು ಹಾಕಿದರೂ ಎಳೆಯಿತು. ಅವತ್ತೇ ವಾಪಸ್ ಹೋಗಿ ನಮ್ಮವರು ಅವನ ಮೇಲೆ ಹರಿಹಾಯ್ದರು.

"ನೀನು ಮನಸ್ಸಿಟ್ಟು ಮಾಡ್ತಿಲ್ಲ ಕಣೋ. ಹಳೇ ಗಾಡಿ ಅಂತ ಕಣ್ಣು ಮುಚ್ಕಂಡು ಮಾಡ್ತೀಯ."

ಅವನಿಗೆ ನೋವಾಯಿತು. ಕೈ ಒರೆಸಿಕೊಂಡು, "ಹಂಗಾರೆ ಬಾರಣ್ಣ, ನಾನೇ ಓಡ್ಸಿ ನೋಡ್ತೀನಿ. ಅತ್ತಿಗೇ, ನೀವೂ ಹತ್ರಿ" ಎಂದ.

ಅವನು ಓಡಿಸಿದ. ಮಧ್ಯೆ ನಾನು, ಆ ಕಡೆ ಕಿಟಕಿಗೆ ನಮ್ಮವರು. ಹೊಳೆಯ ಸೇತುವೆ ದಾಟಿ ನೇರ ರಸ್ತೆಗೆ ಬಂದ ಮೇಲೆ ಅವನು ಸ್ವಲ್ಪ ವೇಗವಾಗಿಯೇ ಹೋದ. ಲಾರಿ ಸೀದಾ ಹೋಯಿತು. ಅಷ್ಟು ಸೀದಾ ಹೋದದ್ದನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಒಂದು ಕಡೆ ಅವನು ಎರಡೂ ಕೈ ಬಿಟ್ಟು ತೋರಿಸಿದ. ಏನೂ ಆಗಲಿಲ್ಲ. ನಮ್ಮವರು ಹೊರಗೆ ನೋಡುತ್ತಿದ್ದರು.

ಬೇವಿನ ಮರದ ನೆರಳಿಗೆ ನಿಲ್ಲಿಸಿ, "ಈಗ ನೀನು ಓಡ್ಸಣ್ಣ" ಎಂದ. ಜಾಗ ಬದಲಾಯಿಸಿದರು. ಲಾರಿ ಹೊರಟು ಇನ್ನೂ ಮೂರನೇ ಗೇರಿಗೆ ಬಿದ್ದಿರಲಿಲ್ಲ, ಎಳೆಯಲು ಶುರುವಾಯಿತು. ಸ್ಟೇರಿಂಗ್ ಸಣ್ಣಗೆ ಅದುರುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ, ಆದರೂ ತಿಳಿಯಲಿಲ್ಲ. ಅವನು ನನ್ನ ಮುಂದಿನಿಂದ ಕೈ ಚಾಚಿ ಅವರ ಬಲಗೈ ಮೇಲೆ ತನ್ನ ಕೈ ಇಟ್ಟ. "ಪಕ್ಕಕ್ಕೆ ಹಾಕಣ್ಣ" ಎಂದ. ನಿಲ್ಲಿಸಿದ ಮೇಲೆ ಬಗ್ಗಿ ಎಂಜಿನ್ ಆರಿಸಿದ.

ಎಲ್ಲ ಸದ್ದೂ ನಿಂತಿತು. ಸ್ಟೇರಿಂಗ್ ಮೇಲಿನ ಆ ಕೈ ಮಾತ್ರ ನಿಲ್ಲಲಿಲ್ಲ. ಹೆಬ್ಬೆರಳು ಬೆರಳಿಗೆ ತಾಗಿ ತಾಗಿ, ಏನನ್ನೋ ಹೊಸೆಯುವ ಹಾಗೆ ಅಲ್ಲಾಡುತ್ತಲೇ ಇತ್ತು.

ಗ್ಯಾರೇಜಿನವನು ತಗ್ಗಿದ ದನಿಯಲ್ಲಿ, "ಗಾಡಿ ಸರಿ ಐತಣ್ಣ" ಎಂದ.

"ಗೊತ್ತು" ಎಂದರು ನಮ್ಮವರು.

ಅವರಿಗೆ ಗೊತ್ತಿತ್ತು. ಶೋರೂಮಿನ ಆ ನಿಶ್ಶಬ್ದದ ಲಾರಿಯಲ್ಲಿ ಅವರು ನೋಡಿದ್ದು ಇದನ್ನೇ. ಹಳೆಯದರಲ್ಲಿ ಎಲ್ಲವೂ ಅದುರುತ್ತಿತ್ತು, ಬಾಗಿಲು, ಗಾಜು, ಸೀಟು, ನಾನು. ಅದರ ಮಧ್ಯೆ ಒಂದು ಕೈ ಅದುರುವುದು ಯಾರಿಗೆ ಕಾಣಬೇಕು. ಅದಕ್ಕೇ ಅವರು ಒಮ್ಮೆ ಒಪ್ಪಿದ ಮೇಲೂ ಆ ಲಾರಿಯನ್ನು ಬಿಡಲಿಲ್ಲ. ತಮ್ಮ ಕೈಯ ತಪ್ಪನ್ನು ಅದರ ಮೇಲೆ ಹಾಕಿ ಬಿಚ್ಚಿಸಿದರು, ಕಟ್ಟಿಸಿದರು, ಗ್ಯಾರೇಜಿನವನನ್ನು ಬೈದರು. ಬಹುಶಃ ಒಂದೊಂದು ಸಲ ಅವರೂ ಅದನ್ನೇ ನಂಬಿರಬೇಕು.

ಮನೆಗೆ ಬಂದು ಕೇಳಿದೆ, "ಯಾವಾಗಿಂದ?"

"ಉಣ್ಣುವಾಗ ತಟ್ಟೆ ನೆಲದ ಮ್ಯಾಲೆ ಇಟ್ಕಂಡು ತುತ್ತು ಚೆಲ್ಲಬಾರ್ದು ಅಂತ ಮಕಾ ಬಗ್ಗಿಸ್ತೀನಲ್ಲ. ಆವಾಗಿಂದ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸ್ಟೇರಿಂಗ್ ಮುಟ್ಟಾಕೆ ಬಿಡ್ತಿದ್ಯಾ ನೀನು?"

ಬಿಡುತ್ತಿರಲಿಲ್ಲ.

ನ್ಯಾಮತಿಯ ಡಾಕ್ಟರು ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿನವರು ಇದು ಕೈಯ ಕಾಯಿಲೆಯಲ್ಲ, ಮಿದುಳಿನದು, ಗುಣವಾಗುವಂಥದ್ದಲ್ಲ, ಮಾತ್ರೆಯಲ್ಲಿ ನಿಧಾನ ಮಾಡಬಹುದು ಅಷ್ಟೇ ಎಂದರು. ಇನ್ನು ಮೇಲೆ ಗಾಡಿ ಓಡಿಸಬಾರದು ಎಂದೂ ಹೇಳಿದರು. ನಮ್ಮವರು ಚೀಟಿ ಮಡಚಿ ಜೇಬಿಗೆ ಇಡಲು ಹೋದರು. ಅದು ಜೇಬಿಗೆ ಹೋಗಲಿಲ್ಲ. ನಾನು ತೆಗೆದು ಇಟ್ಟೆ.

ಡ್ರೈವರ್ ಇಟ್ಟುಕೊಂಡು ನೋಡಿದೆವು. ನ್ಯಾಮತಿ ಕಡೆಯವನು, ಮನುಷ್ಯ ಒಳ್ಳೆಯವನೇ. ಅವನ ಪಕ್ಕ ನಾನು ಕೂತು ಬಿಳಿಚೋಡಿಗೆ ಹೋಗಿ ಬಂದೆ. ಏರಿನಲ್ಲಿ ಲಾರಿ ಎರಡು ಸಲ ನಿಂತಿತು. ಬ್ರೇಕು ಎಲ್ಲಿ ಹಿಡಿಯುತ್ತದೆ, ಗೇರು ಯಾವಾಗ ಜಾರುತ್ತದೆ ಎಂಬುದೆಲ್ಲ ನಮ್ಮವರಿಗೆ ಮಾತ್ರ ಗೊತ್ತು, ಹೇಳಿಕೊಟ್ಟು ಬರುವಂಥದ್ದಲ್ಲ. ಊರು ಮುಟ್ಟಿದ ಮೇಲೆ ಅವನು ಕೀ ನನ್ನ ಕೈಗೆ ಕೊಟ್ಟು, "ತಪ್ಪು ತಿಳ್ಕಬ್ಯಾಡ್ರಿ ಅಕ್ಕ. ನನಗೂ ಹೆಂಡ್ತಿ ಮಕ್ಳು ಅದಾರೆ. ಹೊಸ ಗಾಡಿ ತಗಂಡ್ರೆ ಕರೀರಿ, ಓಡಿ ಬರ್ತೀನಿ" ಎಂದ.

ಹೊಸ ಗಾಡಿ. ಯಾರಿಗೆ ತೆಗೆದುಕೊಳ್ಳುವುದು? ಅಷ್ಟು ವರ್ಷ ನಾನೇ ಜಗಳವಾಡಿ ಕೇಳಿದ್ದು ಈಗ ನನ್ನ ಕೈಯಲ್ಲಿತ್ತು. ಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೆ ಪಕ್ಕದ ಸೀಟಿನಲ್ಲಿ ಅವರಿಲ್ಲದೆ, ಗೊತ್ತಿಲ್ಲದ ಒಬ್ಬನ ಜೊತೆ ಆ ರಸ್ತೆಯಲ್ಲಿ ಓಡಾಡುವುದನ್ನು ನೆನೆಸಿಕೊಂಡರೆ ಮನಸ್ಸು ಒಪ್ಪುತ್ತಿರಲಿಲ್ಲ. ಅವರನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗುವ ಹಾಗೂ ಇರಲಿಲ್ಲ.

ಅವರು ಮಾತ್ರ ರಿಪೇರಿ ಬಿಡಲಿಲ್ಲ. ಅದೇ ನನಗೆ ನೋಡಲಾಗದೆ ಹೋದದ್ದು. ಅಂಗಳದಲ್ಲಿ ನಿಂತ ಲಾರಿಗೆ ಹೊನ್ನಾಳಿಯಿಂದ ಗ್ಯಾರೇಜಿನವನನ್ನು ಕರೆಸಿ ನನ್ನ ಕಡೆಯ ಬಾಗಿಲಿಗೆ ಹೊಸ ಹಿಡಿ ಹಾಕಿಸಿದರು. ತುಕ್ಕು ಹಿಡಿದಿದ್ದ ತಗಡು ಕತ್ತರಿಸಿ ಬೇರೆ ಬೆಸುಗೆ ಹಾಕಿಸಿದರು. ಅವನು ನನ್ನ ಮುಖ ನೋಡಿದ. ನಾನು ಹಾಕು ಎಂದು ಸನ್ನೆ ಮಾಡಿದೆ. ಬೆಸುಗೆಯ ಕಿಡಿ ಹಾರುವಾಗ ನಮ್ಮವರು ಕುರ್ಚಿ ಹಾಕಿಕೊಂಡು ಕೂತು, ಎಡಗೈಯಿಂದ ಬಲಗೈ ಹಿಡಿದುಕೊಂಡು, ಅಲ್ಲಿ ಇನ್ನೊಂದು ಸ್ವಲ್ಪ ಹಾಕು, ಇಲ್ಲಿ ಬಿಟ್ಟೈತೆ ನೋಡು ಎಂದು ಹೇಳುತ್ತಿದ್ದರು. ಬೇರೆ ಲಾರಿ ಬಾರದಿದ್ದರೆ ಇಷ್ಟಾದರೂ ಮಾಡಿಸಿ ಎಂದು ನಾನು ಅಷ್ಟು ವರ್ಷ ಕೇಳಿಕೊಂಡ ರಿಪೇರಿಗಳು ಅವು. ಎಲ್ಲ ಮುಗಿದ ದಿನ, "ಹತ್ತಿ ಕೂತು ನೋಡು, ಈಗ ರಸ್ತೆ ಕಾಣಲ್ಲ" ಎಂದರು. ಹತ್ತಿ ಕೂತೆ. ಅಳು ಬಂತು. ಇಳಿಯದೆ ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.

ಬಿಳಿಚೋಡಿನಿಂದ ಫೋನು ಬರುತ್ತಿತ್ತು. ರಾಶಿ ಹಂಗೇ ಬಿದ್ದೈತೆ, ಯಾವಾಗ ಬರ್ತೀರಿ ಎಂದು ಆ ಹೆಂಗಸರು ಕೇಳುತ್ತಿದ್ದರು. ನಮ್ಮವರೇ ಫೋನು ಎತ್ತಿ, ಗಾಡಿ ರಿಪೇರಿಗೆ ಬಿಟ್ಟೈತೆ, ಮುಗಿದ ಮ್ಯಾಲೆ ಬರ್ತೀವಿ ಎನ್ನುತ್ತಿದ್ದರು. ಒಂದಷ್ಟು ದಿನ ಕಾದು ಆ ಹೆಂಗಸರು ಗೊಬ್ಬರ ಬೇರೆಯವರಿಗೆ ಕೊಟ್ಟರು. ಫೋನು ಬರುವುದು ನಿಂತಿತು.

ಲಾರಿಯ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಸರ್ಟಿಫಿಕೇಟು, ಮುಗಿಯುತ್ತ ಬಂದಿತ್ತು. ಇಷ್ಟು ಹಳೆಯದಕ್ಕೆ ಮತ್ತೆ ಎಫ್‌ಸಿ ಆಗುವುದು ಕಷ್ಟ, ಓಡಿಸುವವರೂ ಇಲ್ಲ. ನಾನೇ ಗುಜರಿಯವನಿಗೆ ಹೇಳಿ ಕಳಿಸಿದೆ. ಅವರಿಗೆ ತಿಳಿಸಿದಾಗ ಅವರು ಬೇಡ ಎನ್ನಲಿಲ್ಲ. "ಹೂಂ" ಎಂದರು. ನಾನು ಜಗಳಕ್ಕೆ ಸಿದ್ಧವಾಗಿದ್ದೆ. ಆ ಹೂಂ ನನ್ನನ್ನು ಹೆಚ್ಚು ಹೆದರಿಸಿತು.

ಗುಜರಿಯವನು ಬೆಳಿಗ್ಗೆ ಬಂದ. ದಾವಣಗೆರೆಯವನು, ವಯಸ್ಸಾದ ಮನುಷ್ಯ. ಲಾರಿಯ ಸುತ್ತ ಒಂದು ಸುತ್ತು ಬಂದು, ಹೊಸ ಬೆಸುಗೆಯನ್ನು ಮುಟ್ಟಿ ನೋಡಿದ. ಲಾರಿ ಬಿಟ್ಟುಕೊಡುವ ಕಾಗದ ಹೊರಗೆ ತೆಗೆದು ಜಗಲಿಯ ಮೇಲೆ ಹರಡಿದ. ನಮ್ಮವರು ಪೆನ್ನು ಹಿಡಿದರು. ಅವರು ಹೆಚ್ಚು ಓದಿದವರಲ್ಲ. ಅವರ ಮನೆಯಲ್ಲಿ ಮೊದಲು ಸಹಿ ಹಾಕಲು ಕಲಿತವರು ಅವರೇ. ಕೊನೆಯಕ್ಷರದ ಕೆಳಗೆ ಒಂದು ಉದ್ದನೆಯ ಗೆರೆ ಎಳೆಯುತ್ತಿದ್ದರು, ಅದರ ಮೇಲೆ ಅವರಿಗೆ ಒಂದು ಬಗೆಯ ಅಭಿಮಾನ. ಪೆನ್ನು ಕಾಗದಕ್ಕೆ ತಾಗಿದ್ದೇ ಅಕ್ಷರ ಸಣ್ಣಗಾಗುತ್ತ, ಒಂದರ ಮೇಲೊಂದು ಬಿದ್ದು ಮುದ್ದೆಯಾಯಿತು. ಇನ್ನೊಂದು ಕಾಗದ ಕೊಟ್ಟ. ಅದೂ ಹಾಗೆಯೇ ಆಯಿತು. ನಾನು ಮಣಿಕಟ್ಟು ಹಿಡಿದುಕೊಂಡೆ. ಆಗಲೂ ಬರಲಿಲ್ಲ.

"ಬಿಡ್ರಿ ಯಜಮಾನ್ರೇ" ಎಂದ ಗುಜರಿಯವನು. "ಹಳೇ ಸಹಿಗೆ ತಾಳೆ ಆಗಲ್ಲ ಅಂತ ಆರ್‌ಟಿಓನವ್ರು ವಾಪಸ್ ಕಳಿಸ್ತಾರೆ. ಹೆಬ್ಬೆಟ್ಟು ಒತ್ತಿಬಿಡ್ರಿ, ನಡೀತೈತೆ."

ಚೀಲದಿಂದ ಮಸಿಯ ಡಬ್ಬಿ ತೆಗೆದ. ನಮ್ಮವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಆಮೇಲೆ ಮಗುವಿನ ಹಾಗೆ ಕೈಯನ್ನು ಅವನಿಗೆ ಕೊಟ್ಟುಬಿಟ್ಟರು. ಅವನೇ ಹಿಡಿದು ಒತ್ತಿಸಿದ. ಮೊದಲನೆಯದು ಅಲುಗಿ ಕದಡಿತು. ಎರಡನೆಯದು ಬಂತು.

ಲಾರಿ ಹೋಗುವುದನ್ನು ಅವರು ನೋಡಲಿಲ್ಲ. ಹಿತ್ತಲಿಗೆ ಹೋಗಿ ಹೆಬ್ಬೆರಳಿನ ಮಸಿ ತೊಳೆಯುತ್ತಿದ್ದರು. ಸೋಪು ಹಾಕಿ, ಕಲ್ಲಿಗೆ ಉಜ್ಜಿ, ಚರ್ಮ ಕೆಂಪಾಗುವ ತನಕ ತೊಳೆದರು. ನಾನು ಹೋಗಿ ಕೈ ಹಿಡಿದು ನಿಲ್ಲಿಸಿದೆ.

ಈಗ ನಾನು ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತೇನೆ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ನೆರಳಲ್ಲಿ ಕೂರಿಸುತ್ತೇನೆ. ಅಂಗಿಯ ಗುಂಡಿ ಹಾಕುವುದು, ಗಡ್ಡ ತೆಗೆಯುವುದು ನನ್ನ ಕೆಲಸ. ಮಾತ್ರೆ ತರಲು ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುತ್ತೇವೆ. ಕಂಡಕ್ಟರು ವಯಸ್ಸಾದವರೆಂದು ಮುಂದೆ ಕರೆದರೂ ಅವರು ಹೋಗುವುದಿಲ್ಲ. ಹಿಂದಿನ ಉದ್ದ ಸೀಟಿಗೆ ಹೋಗಿ, ಕಿಟಕಿಯ ಪಕ್ಕ ಬಿಟ್ಟು, ರಸ್ತೆಯಾಗಲಿ ಡ್ರೈವರನ ಕೈಯಾಗಲಿ ಕಾಣದೆ, ಎದುರಿನ ಸೀಟಿನ ಬೆನ್ನು ಮಾತ್ರ ಕಾಣುವ ಹಾಗೆ ಕೂರುತ್ತಾರೆ. ನಾನೂ ಅಲ್ಲೇ ಕೂರುತ್ತೇನೆ. ಬಸ್ಸಿನ ಸದ್ದಿಗೆ ಕೂಗಿ ಮಾತಾಡಬೇಕು. ನಾವು ಮಾತಾಡುವುದಿಲ್ಲ.