ಎರಡು ಓದು, ಒಂದು ಮೊಳೆ

ನಾನು ಹರಪನಹಳ್ಳಿಗೆ ಬಂದ ವಾರದಲ್ಲೇ ಮೊಮ್ಮಗಳು ನೀಲಾ ಕಾಲೇಜಿನಿಂದ ಬಂದವಳು, ಕಪ್ಪೆಯ ಎದೆ ಸೀಳಿ, ಮಿಡಿಯುವ ಗುಂಡಿಗೆಯ ಮೇಲೆ ಮದ್ದಿನ ಹನಿ ಬಿಟ್ಟು ನೋಡಿದೆವು ಎಂದು ಹೇಳಿ ಉಣ್ಣಲು ಕೂತಳು. ನಮ್ಮ ಹಳ್ಳಿ ಮಾಗಳದಲ್ಲಿ ಮಳೆ ಹೋದರೆ ಕಪ್ಪೆಗೆ ಮದುವೆ ಮಾಡುತ್ತೇವೆ. ಇಲ್ಲಿ ಹೀಗೆ. ಎರಡು ಸಲ ಕೈ ತೊಳೆಸಿ ರೊಟ್ಟಿ ಹಾಕಿದೆ.

ನಾನು ಬಂದದ್ದು ಅವಳಿಗೆ ಅಡುಗೆ ಮಾಡಿ ಹಾಕಲು. ಅವಳದು ಎರಡು ಓದು. ಹಗಲು ಕಾಲೇಜಿನಲ್ಲಿ ಔಷಧದ ಡಿಗ್ರಿ; ಸಂಜೆ ಮನೆಯಲ್ಲಿ ವ್ಯಾಪಾರದ ಡಿಗ್ರಿ, ಅದರ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ಒಂದು ಸಾಲದೇನೆ ಎಂದು ಕೇಳಿದ್ದೆ. ಮದ್ದು ಗೊತ್ತಿದ್ದವರಿಗೆ ಅಂಗಡಿ ನಡೆಸಲು ಬರುವುದಿಲ್ಲ, ಅಂಗಡಿಯವರಿಗೆ ಮದ್ದು ಗೊತ್ತಿರುವುದಿಲ್ಲ, ನನಗೆ ಎರಡೂ ಬರಬೇಕು, ನಮ್ಮೂರ ಹತ್ತಿರ ಹಡಗಲಿಯಲ್ಲಿ ನನ್ನದೇ ಅಂಗಡಿ ಇಡುತ್ತೇನೆ ಎಂದಳು. ಮೂರನೇ ಕ್ಲಾಸು ಓದಿದವಳು ನಾನು; ಅವಳ ಪುಸ್ತಕ ಸರಿಸಿ ತಟ್ಟೆ ಇಟ್ಟೆ.

ಮಾಗಳದಲ್ಲಿ ಹೊಳೆ ಎಂದರೆ ಹಿತ್ತಲಿದ್ದ ಹಾಗೆ. ಇಲ್ಲಿ ನೀರು ದಿನ ಬಿಟ್ಟು ದಿನ, ನಲ್ಲಿಯಲ್ಲಿ. ಮೊದಲ ತಿಂಗಳು ನನ್ನ ಕೊಡವನ್ನು ಎಲ್ಲರೂ ಕಾಲಿನಿಂದ ಹಿಂದಕ್ಕೆ ಸರಿಸುತ್ತಿದ್ದರು. ಒಂದು ದಿನ ಕೊಡದ ಪಕ್ಕ ನಾನೇ ಕೂತೆ. ಮನೆಯೊಡತಿ ಸಾವಿತ್ರಮ್ಮ, "ಹೊಳೇನೂ ಹೊತ್ಕೊಂಡು ಬರ್ಬೇಕಿತ್ತಮ್ಮ" ಅಂದಳು.

"ತರ್ತಿದ್ದೆ, ನಿನ್ನ ಮನ್ಯಾಗ ಇಡಾಕ ಜಾಗ ಇಲ್ಲ" ಅಂದೆ.

ಆಕೆಗೆ ನಗು ಬಂತು. ಅವತ್ತಿನಿಂದ ನನ್ನ ಕೊಡ ಸಾಲಿನಲ್ಲಿ ಮೂರನೆಯದು. ಈ ಊರಲ್ಲಿ ನಾನು ಗೆದ್ದದ್ದು ಅಷ್ಟೇ.

ಔಷಧದ ಓದು ಮುಗಿಯಿತು. ವ್ಯಾಪಾರದ್ದು ಕೊನೆಯ ವರ್ಷ ಉಳಿದಿತ್ತು. ಸರ್ಟಿಫಿಕೇಟಿಗೆ ಗಾಜು ಹಾಕಿಸಿದೆ. ಆಗಲೇ ಹಗರಿಬೊಮ್ಮನಹಳ್ಳಿಯಿಂದ ಹೆಣ್ಣು ನೋಡಲು ಬಂದರು. ಅವರದು ಔಷಧದ ಅಂಗಡಿ. ಓದಿದವರ ಸರ್ಟಿಫಿಕೇಟು ಗೋಡೆಯ ಮೇಲೆ ಇಲ್ಲದೆ ಅಂಗಡಿ ತೆಗೆಯುವಂತಿಲ್ಲ. ಅವರ ಮನೆಯಲ್ಲಿ ಓದಿದವರಿಲ್ಲ, ಯಾರದ್ದೋ ತಂದು ತೂಗುಹಾಕಿದ್ದರು. ಹುಡುಗನ ತಂದೆ ಚಾಪೆಯ ಮೇಲೆ ಕೂತವರೇ, "ಹುಡುಗೀನ ಆಮ್ಯಾಗ ನೋಡೋಣ್ರಿ. ಮೊದ್ಲು ಸರ್ಟಿಫಿಕೇಟ್ ತರ್ರಿ" ಅಂದರು.

ನಾನು ಹಿಗ್ಗಿದೆ. ಓದಿಗೆ ಮರ್ಯಾದೆ ಕೊಡುವ ಜನ ಎಂದುಕೊಂಡೆ. ನೀಲಾ ಬಾಗಿಲ ಹಿಂದಿನಿಂದ ಬೇಡ ಎಂದು ತಲೆ ಅಲ್ಲಾಡಿಸಿದಳು. ಸೊಸೆಯಾಗಿ ಹೋದರೆ ಅಂಗಡಿಯೇ ಸಿಕ್ಕಂತಲ್ಲವೇನೇ ಎಂದು ಅವಳ ಬಾಯಿ ಮುಚ್ಚಿಸಿದವಳು ನಾನೇ. ಮದುವೆಯಲ್ಲಿ ಹಂಡೆ, ಕೊಡದ ಜೊತೆಗೆ ಆ ಗಾಜಿಗೂ ಕುಂಕುಮ ಹಚ್ಚಿ ಬಳುವಳಿ ಕೊಟ್ಟವಳೂ ನಾನೇ.

ಮೊನ್ನೆ ಹೋಗಿದ್ದೆ. ಅಂಗಡಿಯಲ್ಲಿ ದೇವರ ಪಟದ ಪಕ್ಕ ಒಂದು ಮೊಳೆಗೆ ಅವಳ ಸರ್ಟಿಫಿಕೇಟು. ಅದಕ್ಕೂ ಹೂವಿನ ಹಾರ. ಗುಳಿಗೆ ಕೊಡುತ್ತಿದ್ದವನು ಗಂಡ. ನೀಲಾ ಅಂಗಡಿಯ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಅಂಗಡಿಗೆ ಹೋಗಂಗಿಲ್ಲೇನಲೇ?"

"ನಾ ಅಲ್ಲೇ ಅದೀನಲ್ಲಜ್ಜಿ, ಗ್ವಾಡಿ ಮ್ಯಾಲ." ರೊಟ್ಟಿ ತಿರುವಿ ಹಾಕಿದಳು. "ಸೊಸಿ ಗಲ್ಲಾದ ಮುಂದ ಕುಂತ್ರ ಮಂದಿ ನಗ್ತಾರಂತ."

ನಾನು ಹರಪನಹಳ್ಳಿಯ ಕೋಣೆ ಬಿಟ್ಟಿಲ್ಲ. ಮಗ ಮಾಗಳಕ್ಕೆ ಕರೆಯುತ್ತಾನೆ. ಅಲ್ಲಿ ಹೊಳೆಗೆ ಇಳಿಯುವಷ್ಟರಲ್ಲಿ ನಾಲ್ಕು ಜನ ಕೇಳುತ್ತಾರೆ, ನೀಲಾಳ ಅಂಗಡಿ ಯಾವಾಗ ಎಂದು. ಇಲ್ಲಿ ಯಾರೂ ಕೇಳುವುದಿಲ್ಲ. ಇದು ನನ್ನ ಊರಲ್ಲ, ಅದಕ್ಕೇ ಇಲ್ಲಿದ್ದೇನೆ.

ವ್ಯಾಪಾರದ ಓದಿನ ಕೊನೆಯ ವರ್ಷದ ಪುಸ್ತಕಗಳು ಈ ವಿಳಾಸಕ್ಕೇ ಬಂದವು. ಸಹಿ ಹಾಕಿ ತೆಗೆದುಕೊಂಡೆ. ಅವಳು ಬರುವುದಿಲ್ಲವೆಂದು ಗೊತ್ತು. ಕಟ್ಟಿನ ದಾರ ಬಿಚ್ಚಿಲ್ಲ, ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟಿದ್ದೇನೆ.