ಮ್ಯಾಂಗನೀಸಿನ ಐದು ಬಾಣಗಳು

ಪಿ.ಜೆ. ಬಡಾವಣೆಯಲ್ಲಿ ನಮ್ಮ ಕೆಮಿಸ್ಟ್ರಿ ಟ್ಯೂಷನ್ ಮೇಷ್ಟ್ರ ಗುರುವಂದನೆಯ ಫ್ಲೆಕ್ಸ್ ಕಟ್ಟಿದ್ದಾರೆ. ನೋಡಿದ ಕೂಡಲೇ ಚಾಕ್‌ಪೀಸ್ ಪುಡಿಯ ವಾಸನೆ ಮೂಗಿಗೆ ಬಡಿಯಿತು.

ಆಗ ಹರಿಹರದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಟ್ಯೂಷನ್ನಿಗೆ ಬರುತ್ತಿದ್ದ ಹುಡುಗಿ ನಾನು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಮ್ಯಾಂಗನೀಸಿನಲ್ಲಿ ಜೋಡಿಯಿಲ್ಲದೆ ಉಳಿಯುವವು ಎಷ್ಟು ಎಂದು ಮೇಷ್ಟ್ರು ಕೇಳಿದರು. ಬೋರ್ಡಿನ ಮೇಲೆ 3ಡಿ ಎಂಬ ಕಕ್ಷಕದ ಐದು ಮನೆಗಳಿಗೆ ಎಲೆಕ್ಟ್ರಾನಿನ ಗುರುತಾಗಿ ಒಂದೊಂದು ಬಾಣ ಹಾಕಿ, ಐದು ಎಂದೆ.

"ಮೂರು," ಎಂದರು ಮೇಷ್ಟ್ರು. "3ಡಿ ಕೊನೀಗೆ ತುಂಬೈತೆ. ಕೊನೀಗೆ ಬಂದದ್ದು ಮೊದ್ಲು ಹೋಗ್ಬೇಕು."

"ಮೊದ್ಲು ತುಂಬಿದ್ರೂ 4ಎಸ್ ಹೊರಗಿನ ಕಕ್ಷಿ ಐತಲ್ರಿ ಸರ್. ಮೊದ್ಲು ಬಸ್ ಹತ್ತಿದ್ರೂ ಬಾಗ್ಲಾಗ ನಿಂತೋರೇ ಮೊದ್ಲು ಇಳೀತಾರ."

ಹುಡುಗರು ನಕ್ಕರು. ಮೇಷ್ಟ್ರು ಡಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬಸ್ಸಿನ ಕತಿ ಬ್ಯಾಡ. ಅಂಗೈಲೇ ಅಳ್ಸು."

ಅಳಿಸಿದೆ. ಮೂರು ಎಂದು ಬರೆಸಿದರು. ಪಠ್ಯಪುಸ್ತಕದಲ್ಲಿ ಐದೆಂದೇ ಇತ್ತು. ಮರುದಿನ ತೆರೆದು ತೋರಿಸಿದರೆ, "ಅಚ್ಚಿನ ತಪ್ಪು" ಎಂದು ಮುಚ್ಚಿ ಕೊಟ್ಟರು.

ಇವತ್ತು ಅದೇ ಟ್ಯೂಷನ್ನಿನ ಗೆಳತಿ ಫೋನ್ ಮಾಡಿ, ವೇದಿಕೆಯಲ್ಲಿ ಗುರುಗಳ ಬಗ್ಗೆ ನಾಲ್ಕು ಮಾತಾಡು ಎಂದಳು. ಒಪ್ಪಿಕೊಂಡೆ. ಮೈಕು ಬೇಡ, ಒಂದು ಕಪ್ಪುಹಲಗೆ ಇಡಿಸು ಎಂದೆ.

ಡಸ್ಟರ್ ಮಾತ್ರ ಇಡಿಸಬೇಡ.