ನರ್ಸಬಾಯಿ ಬರೆಸಿದ್ದು

ಮೊಣಕಾಲಿನವರೆಗೆ ಎಳೆದ ಬಿಳಿ ಕಾಲುಚೀಲ, ಅದರ ಮೇಲೆ ಎತ್ತಿ ಸಿಕ್ಕಿಸಿದ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು. ಜನವರಿಯಿಂದ ಮಳೆ ಬೀಳುವ ತನಕ ನಮ್ಮ ನರ್ಸಬಾಯಿಯ ವೇಷ ಇದೇ. ಮಂಗನ ಕಾಯಿಲೆ ಹರಡುವ ಕಾಡಿನ ಉಣುಗು, ಕಚ್ಚಿ ರಕ್ತ ಹೀರುವ ಹುಳ, ರಾಗಿಕಾಳಿಗಿಂತ ಸಣ್ಣದು. ಬಿಳಿಯ ಮೇಲಾದರೆ ಹತ್ತಿದ್ದು ಕಣ್ಣಿಗೆ ಬೀಳುತ್ತದೆ. ಯಾರ ಮನೆಯ ಜಗಲಿಯಲ್ಲಿ ಕೂತರೂ ಮೊದಲು ಎರಡೂ ಕಾಲು ಚಾಚಿ, ಕಾಲುಚೀಲವನ್ನು ಬೆರಳಿನಿಂದ ಸವರಿ ನೋಡಿದ ಮೇಲೆಯೇ ಅವರು ಕೊಟ್ಟ ನೀರು ಕುಡಿಯುತ್ತಿದ್ದರು.

ಊರು ಅವರದು ಕಾಯ್ಕಿಣಿ. ಕೆಲಸ ಹೊನ್ನಾವರ ತಾಲ್ಲೂಕಿನ ಒಳಭಾಗದಲ್ಲಿ, ಇಡಗುಂಜಿಯಿಂದಲೂ ಮೇಲೆ, ಘಟ್ಟದ ಬುಡದ ಕೇರಿಗಳಲ್ಲಿ. ಮೀನು ತರುವ ಹೆಂಗಸರ ಜೊತೆ ಕೊಂಕಣಿ, ಭಟ್ಕಳದ ಬಟ್ಟೆ ಅಂಗಡಿಯವರ ಜೊತೆ ನವಾಯತಿ, ಮೇಲಧಿಕಾರಿಗಳ ಜೊತೆ ಪುಸ್ತಕದ ಕನ್ನಡ. ಮಂಗನ ಕಾಯಿಲೆಯ ಕಾಲದಲ್ಲಿ ಮಾತ್ರ ಎಲ್ಲ ಭಾಷೆಯಲ್ಲೂ ಮಾತು ಕಡಿಮೆಯಾಗುತ್ತಿತ್ತು. ನಡೆಯುತ್ತಾ ನಡೆಯುತ್ತಾ ತಟ್ಟನೆ ನಿಂತು, ಬಾಯಿ ಸ್ವಲ್ಪ ತೆರೆದು, ಕಾಡಿನ ಕಡೆ ಕಿವಿ ಕೊಡುತ್ತಿದ್ದರು. ಅವರು ಕೇಳುವುದು ಮುಗಿಯುವವರೆಗೆ ಜೊತೆಗಿದ್ದವರೂ ಉಸಿರು ಬಿಗಿಹಿಡಿದು ನಿಲ್ಲಬೇಕು.

ನಾನು ಆಗ ಹೊನ್ನಾವರದಲ್ಲಿ ಶಾಸಕರ ಕಚೇರಿಯಲ್ಲಿದ್ದೆ. ಕುಮಟೆಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದೆ. ತಿಂಗಳಿಗೊಮ್ಮೆ ಶಾಸಕರ ಹೆಸರಿನಲ್ಲಿ ಕ್ಷೇತ್ರದ ಜನರಿಗೊಂದು ಪತ್ರ ಹೋಗುತ್ತಿತ್ತು: ಎಲ್ಲಿ ಡೆಂಗಿ ಇದೆ, ಕಡಲಿಗೆ ಯಾವಾಗ ಇಳಿಯಬಾರದು, ಯಾವ ಸೇತುವೆಯ ಮೇಲೆ ಲಾರಿ ಬಿಡುವುದಿಲ್ಲ, ಇಂಥವೆಲ್ಲ. ಅದನ್ನು ಬರೆಯುವವಳು ನಾನು. ಅದು ವಾಟ್ಸಾಪ್ ಗುಂಪುಗಳಿಗೆ ಹೋಗುತ್ತಿತ್ತು, ಪಂಚಾಯಿತಿಯ ಬೋರ್ಡಿಗೂ ಹಾಲಿನ ಡೇರಿಯ ಗೋಡೆಗೂ ಅಂಟುತ್ತಿತ್ತು. ಶಾಸಕರ ಸಹಿ ಇದ್ದದ್ದರಿಂದ ಜನ ನಿಂತು ಓದುತ್ತಿದ್ದರು.

ಒಂದು ಬೆಳಿಗ್ಗೆ ನರ್ಸಬಾಯಿ ಕಚೇರಿಗೆ ಬಂದು ನನ್ನ ಮೇಜಿನ ಎದುರು ಕೂತರು. ಅದು ನಮ್ಮ ಮೊದಲ ಭೇಟಿ.

"ತಂಗೀ, ನಮ್ಮ ಕೇರಿ ಮ್ಯಾಲಿನ ಗುಡ್ಡದಲ್ಲಿ ಮೂರು ದಿನಾತು, ಮಂಗನ ಕೂಗು ಇಲ್ಲ. ಅದ್ನ ನಿಮ್ಮ ಪತ್ರದಲ್ಲಿ ಹಾಕೂಕೆ ಆಗ್ತದಾ?"

ಕೂಗದ ಮಂಗವನ್ನು ಸುದ್ದಿ ಎಂದು ಹೇಗೆ ಬರೆಯುವುದು ಎಂದು ನಾನು ನಕ್ಕೆ. ಅವರು ನಗಲಿಲ್ಲ, ಈ ಕಾಯಿಲೆಗೆ ಮೊದಲು ಸಾಯುವುದು ಮಂಗಗಳೇ ಎಂದರು. ಮಾರನೇ ದಿನ ನನ್ನನ್ನೇ ಅಲ್ಲಿಗೆ ಕರೆದುಕೊಂಡು ಹೋದರು.

ಕೇರಿಯ ಕೊನೆಯ ಮನೆ ದಾಟಿ, ಹಕ್ಕಲಿನ ಗೇರುಮರಗಳ ನಡುವೆ ಹತ್ತಿದೆವು. ನಡು ಮಧ್ಯಾಹ್ನ. ಸೆಕೆಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ. ಹಕ್ಕಿ ಕೂಗುತ್ತಿತ್ತೋ ಇಲ್ಲವೋ ನೆನಪಿಲ್ಲ. ನನ್ನ ಹೆಜ್ಜೆಯ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿದ್ದದ್ದು ನೆನಪಿದೆ. ತಿರುವಿನಲ್ಲಿ ಮೋಟುಗೋಡೆಯಂಥ ಒಂದು ಹಳೆಯ ಕಲ್ಲಿನ ಪಾಗಾರವಿತ್ತು. ಅದರ ಮೇಲೆ ಐದು ಮಂಗಗಳು ಸಾಲಾಗಿ ಕೂತಿದ್ದವು. ನಾವು ಹತ್ತಿರವಾದರೂ ಒಂದೂ ಏಳಲಿಲ್ಲ. ಹಲ್ಲು ಕಿರಿಯಲಿಲ್ಲ, ಮರ ಹತ್ತಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದವು. ಬಲತುದಿಯ ಮಂಗ ನೋಡುತ್ತಿರಲಿಲ್ಲ. ಅದರ ಕಣ್ಣು ತೆರೆದೇ ಇತ್ತು, ಮೇಲೆ ನೊಣ ಕೂತಿತ್ತು. ಸತ್ತದ್ದು ಪಕ್ಕದ ಬದುಕಿರುವ ಮಂಗದ ಹೆಗಲಿಗೆ ಒರಗಿ ಕೂತಿತ್ತು.

ನರ್ಸಬಾಯಿ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದರು. "ಮಂಗ ನಮ್ಗೆ ಹೆದರೂದು ಬಿಟ್ರೆ ನಾವು ಹೆದರೂ ಹೊತ್ತು ಬಂತು, ತಿಳ್ಕೋ" ಎಂದರು. ಆಮೇಲೆ ದಾರಿಗೆ ಅಡ್ಡ ಕೊಂಬೆ ಎಳೆದು, ಫೋನಿನಲ್ಲಿ ಮೇಲಧಿಕಾರಿಗಳಿಗೆ ಜಾಗ ಹೇಳಿ, ಅವರು ಬರುವವರೆಗೂ ಅಲ್ಲಿಯೇ ಕಾವಲು ನಿಂತರು. ನಾನು ಕೆಳಗಿಳಿದು ಬಂದೆ. ಆ ಐದು ಮುಖಗಳು ಬಸ್ಸಿನ ಕಿಟಕಿಯಲ್ಲೂ ನನ್ನ ಎದುರಿಗಿದ್ದವು.

ಪತ್ರದಲ್ಲಿ ಎರಡು ಮಾತು ಇರಬೇಕೆಂದು ಅವರು ಕೇಳಿಕೊಂಡಿದ್ದರು. ಒಂದು, ಕೇರಿಯ ಹೆಸರು. ಎರಡು, ಮಳೆ ಬರುವ ತನಕ ಆ ಗುಡ್ಡಕ್ಕೆ ದರಕು ತರಲು ಹೋಗಬಾರದು ಎಂಬುದು. ದರಕೆಂದರೆ ಒಣಗಿದ ಎಲೆ. ಅಲ್ಲಿಯವರು ಅದನ್ನು ಬುಟ್ಟಿಗಟ್ಟಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ನಾನು ಹಾಗೆಯೇ ಬರೆದೆ. ಕಚೇರಿಯ ಹಿರಿಯರೊಬ್ಬರು ಓದಿ, ಸತ್ತ ಮಂಗದ ಪರೀಕ್ಷೆಯ ವರದಿ ಬರದೆ ಊರಿನ ಹೆಸರು ಹಾಕುವುದು ಸರಿಯಲ್ಲ, ಆ ಕೇರಿಯ ಹುಡುಗಿಯರಿಗೆ ಸಂಬಂಧ ತಪ್ಪೀತು, ಹಾಲು ಕೊಳ್ಳುವುದನ್ನೂ ನಿಲ್ಲಿಸಿಯಾರು ಎಂದರು. ಅವರು ಕೆಟ್ಟವರಲ್ಲ, ಹೇಳಿದ್ದು ಸುಳ್ಳೂ ಅಲ್ಲ. ನಾನು ಎರಡೂ ಮಾತು ತೆಗೆದೆ. ಆ ಜಾಗದಲ್ಲಿ ನಾನೇ ಒಂದು ಸಾಲು ಹೊಂದಿಸಿದೆ: 'ಕ್ಷೇತ್ರದ ಕೆಲವೆಡೆ ಮುನ್ನೆಚ್ಚರಿಕೆ ಕ್ರಮ ಕೈಗೊಳ್ಳಲಾಗಿದ್ದು, ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.' ಓದಲು ಚೆನ್ನಾಗಿತ್ತು. ಶಾಸಕರು ಬೆಂಗಳೂರಿನಲ್ಲಿದ್ದರು, ಫೋನಿನಲ್ಲೇ ಒಪ್ಪಿಗೆ ಕೊಟ್ಟರು.

ಮೂರು ವಾರದ ಮೇಲೆ ನರ್ಸಬಾಯಿ ಮತ್ತೆ ಬಂದರು. ಕೈಯಲ್ಲಿ ಡೇರಿಯ ಗೋಡೆಯಿಂದ ಕಿತ್ತ ಪತ್ರ. ಬೈಯಲಿಲ್ಲ. ಆ ಸಾಲನ್ನು ತೋರಿಸಿ ಗಟ್ಟಿಯಾಗಿ ಓದಲು ಹೇಳಿದರು. ಓದಿದೆ.

"ಇದ್ನ ಬರದವ್ರು ಯಾರು?"

"ನಾನೇ, ಬಾಯೋರೇ."

ಅವರು ತಲೆ ಆಡಿಸಿ, ನಡಿ ಎಂದರು.

ಪಾಗಾರದಿಂದ ಕೂಗಳತೆ ದೂರದ ಮನೆ. ಆ ಮನೆಯ ಹೆಂಗಸು ಜ್ವರ ಬಂದ ಎಂಟನೇ ದಿನಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಗುಡ್ಡಕ್ಕೆ ಹೋಗಬೇಡ ಎಂದು ನರ್ಸಬಾಯಿ ದಿನವೂ ಹೇಳಿದ್ದರಂತೆ. ಆತಂಕ ಬೇಡವೆಂದು ಶಾಸಕರೇ ಬರೆದಿದ್ದಾರಲ್ಲ ಎಂದು ಅವಳು ಬುಟ್ಟಿ ಎತ್ತಿಕೊಂಡಿದ್ದಳು. ಇದನ್ನು ನನಗೆ ಹೇಳಿದವನು ಅವಳ ಗಂಡ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಅಂಗಳದ ಮೂಲೆಯಲ್ಲಿ ಅವಳು ತಂದ ದರಕಿನ ರಾಶಿ ಹಾಗೆಯೇ ಇತ್ತು. ಆಳೆತ್ತರದ ರಾಶಿ. ಅವಳು ಹೋದ ಮೇಲೆ ಯಾರೂ ಮುಟ್ಟಿರಲಿಲ್ಲ. ಗಾಳಿ ಇರಲಿಲ್ಲ, ಆದರೂ ಒಳಗಿನಿಂದ ಚರಚರ ಎಂಬ ಸಣ್ಣ ಸದ್ದು ಬರುತ್ತಿತ್ತು. ಒಣಗಿದ ಎಲೆ ಬಿಸಿಲಿಗೆ ಮುರುಟುವ ಸದ್ದಿರಬೇಕು. ನನಗೆ ಮಾತ್ರ ಯಾರೋ ಒಳಗೆ ಕೂತು ಎಲೆಗಳನ್ನು ಒಂದೊಂದಾಗಿ ಮಡಚುತ್ತಿದ್ದಾರೆ ಅನ್ನಿಸಿತು. ಅದರಲ್ಲಿ ಉಣುಗು ಇದೆ, ಸುಡಬೇಕು ಎಂದು ನರ್ಸಬಾಯಿ ಹೇಳಿದರು. ಗಂಡ ಒಪ್ಪಲಿಲ್ಲ, ಅವಳ ಕೈ ಮುಟ್ಟಿದ್ದು ಇನ್ನು ಅದೊಂದೇ ಉಳಿದಿದೆ ಎಂದ. ನರ್ಸಬಾಯಿ ವಾದ ಮಾಡದೆ ಜಗಲಿಯಲ್ಲಿ ಕೂತರು. ಅವಳು ಬಾಣಂತಿಯಾಗಿದ್ದಾಗಿನ ಮಾತು, ಅವಳು ಮಾಡುತ್ತಿದ್ದ ಮಾವಿನ ಮಿಡಿಯ ಉಪ್ಪಿನಕಾಯಿ, ಇಂಥದ್ದನ್ನೇ ಮಾತಾಡುತ್ತಾ ಹೊತ್ತು ಕಳೆದರು. ಬಿಸಿಲು ಅಂಗಳ ಬಿಟ್ಟು ಹೋಗುವ ಹೊತ್ತಿಗೆ ಅವನು ತಾನೇ ಎದ್ದು ಬೆಂಕಿಪೆಟ್ಟಿಗೆ ತಂದ. ರಾಶಿ ಹೊತ್ತಿಕೊಂಡಾಗ ಆಚೀಚೆ ಮನೆಯವರು ಬಾಗಿಲು ಅರೆ ತೆರೆದು ನೋಡಿದರು. ಯಾರೂ ಹೊರಗೆ ಬರಲಿಲ್ಲ.

ಮರಳಿ ಬಂದು ನಾನು ಶಾಸಕರಿಗೆ ಎಲ್ಲ ಹೇಳಿದೆ. ಕೆಲಸ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಅವರು, ಹೊಸ ಪತ್ರ ಬರೆ, ಊರಿನ ಹೆಸರು ಹಾಕು, ಆ ನರ್ಸಿಗೆ ತೋರಿಸದೆ ಇನ್ನು ಯಾವುದೂ ನನ್ನ ಸಹಿಗೆ ಬರಬಾರದು ಎಂದರು. ಹಾಗೆ ನರ್ಸಬಾಯಿ ನನ್ನ ಮೇಷ್ಟರಾದರು. ತಿಂಗಳ ಕೊನೆಗೆ ಕರಡು ಹಿಡಿದು ಅವರ ಹತ್ತಿರ ಹೋಗುತ್ತಿದ್ದೆ. 'ಕೆಲವೆಡೆ' ಎಂದಿದ್ದರೆ ಎಲ್ಲಿ ಎಂದು ಕೇಳುತ್ತಿದ್ದರು. 'ಕ್ರಮ ಕೈಗೊಳ್ಳಲಾಗಿದೆ' ಎಂದಿದ್ದರೆ ಯಾರು, ಎಂತ ಮಾಡಿದ್ರು ಎಂದು ಕೇಳುತ್ತಿದ್ದರು. ನಾನು ಈಗ ನಾಲ್ಕು ಸಾಲು ನೆಟ್ಟಗೆ ಬರೆಯುತ್ತೇನೆಂದರೆ ಅದು ಅವರಿಂದ.

ಎರಡು ವರ್ಷ ಹೀಗೇ ನಡೆಯಿತು. ಮೂರನೇ ವರ್ಷದ ಬೇಸಿಗೆಯಲ್ಲಿ ಅವರಿಗೇ ಜ್ವರ ಬಂತು. ಕುಮಟೆಯ ಆಸ್ಪತ್ರೆಗೆ ಸೇರಿಸಿದರು. ನಾನು ದಿನಾ ಸಂಜೆ ಹೋಗಿ ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದೆ. ಕಣ್ಣು ಕೆಂಪಾಗಿತ್ತು. ಹತ್ತನೇ ದಿನದಿಂದ ಯಾರ ಗುರುತೂ ಹತ್ತುತ್ತಿರಲಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಕಚೇರಿಯಲ್ಲಿದ್ದಾಗ, ಆಸ್ಪತ್ರೆಯಲ್ಲಿ ಜೊತೆಗಿದ್ದ ಅವರ ತಂಗಿಯ ಫೋನಿನಿಂದ ಕರೆ ಬಂತು. ಮಾತಾಡಿದ್ದು ನರ್ಸಬಾಯಿ. ಸ್ವರ ತೆಳ್ಳಗಿತ್ತು, ಮಾತು ಸ್ಪಷ್ಟವಾಗಿತ್ತು.

"ತಂಗೀ, ಬರ್ಕೋ. ಹೊಳೆಯಾಚೆ ಶಾಲೆ ಹಿಂದೆ ಕಾಲುದಾರಿ ಇದ್ಯಲ್ಲ, ಅದ್ರ ಹಲಸಿನ ಬುಡದಲ್ಲಿ ಒಂದು ಬಿದ್ದದೆ. ಮಕ್ಕಳು ಅದೇ ದಾರೀಲಿ ಬರೂದು. ಬರ್ಕಂಡ್ಯಾ?"

ಬರೆದುಕೊಂಡೆ ಎಂದೆ.

"ಇನ್ನೊಂದು ಕೇಸು ಅದೆ, ಬರ್ಕೋ."

ರೂಢಿಯಂತೆ ಹೆಸರು ಕೇಳಿದೆ. ಅವರು ತಮ್ಮ ಹೆಸರನ್ನು ಹೇಳಿದರು. ವಯಸ್ಸು, ಕೇರಿ, ಜ್ವರ ಬಂದ ದಿನ, ಕೊನೆಯ ಸಲ ಕಾಡಿಗೆ ಹೋದ ದಾರಿ, ಎಲ್ಲವನ್ನೂ ನಾನು ಬರೆದುಕೊಳ್ಳುವಷ್ಟು ತಡೆದು ತಡೆದು ಹೇಳಿದರು. ಆಮೇಲೆ "ಆತು" ಎಂದರು. ಕರೆ ನಿಂತಿತು.

ನಾನು ಕೂಡಲೇ ಆ ಶಾಲೆಗೆ ಫೋನ್ ಮಾಡಿದೆ. ಮಾಸ್ತರು ಮಕ್ಕಳನ್ನು ಒಳಗೇ ಕೂರಿಸಿಕೊಂಡು, ತಾವೊಬ್ಬರೇ ಹೋಗಿ ದೂರದಿಂದ ನೋಡಿ ಬಂದರು. ಹಲಸಿನ ಬುಡದಲ್ಲಿ ಮಂಗ ಸತ್ತು ಬಿದ್ದಿತ್ತು. ಪರೀಕ್ಷೆಗೆ ಬಂದ ಪಶುವೈದ್ಯರು ಅದು ಆ ಬೆಳಿಗ್ಗೆಯಷ್ಟೇ ಸತ್ತದ್ದು ಎಂದರು. ಅದರಲ್ಲಿ ಕಾಯಿಲೆ ಇತ್ತೆಂದು ಆಮೇಲೆ ವರದಿ ಬಂತು. ದಾರಿ ಮುಚ್ಚಿಸಿದ್ದರಿಂದ ಆ ಶಾಲೆಯ ಒಂದು ಮಗುವಿಗೂ ಏನೂ ಆಗಲಿಲ್ಲ.

ಸಂಜೆ ಆಸ್ಪತ್ರೆಗೆ ಹೋಗಿ, ಮಂಗ ಬಿದ್ದ ಸುದ್ದಿಯನ್ನು ಅಕ್ಕನಿಗೆ ಯಾರು ತಲುಪಿಸಿದರೆಂದು ಅವರ ತಂಗಿಯನ್ನು ಕೇಳಿದೆ. ಬೆಳಿಗ್ಗೆಯಿಂದ ಯಾರೂ ಫೋನ್ ಮಾಡಿಲ್ಲ, ಯಾರೂ ನೋಡಲು ಬಂದಿಲ್ಲ ಎಂದರು. ಫೋನನ್ನು ಕಿಟಕಿಯ ಹತ್ತಿರ ಚಾರ್ಜಿಗಿಟ್ಟು ತಾವು ಗಂಜಿ ತರಲು ಕೆಳಗೆ ಹೋಗಿದ್ದರಂತೆ. ಕಿಟಕಿ ಮಂಚದಿಂದ ಹತ್ತು ಹೆಜ್ಜೆ. ಎದ್ದು ಕೂರುವ ಶಕ್ತಿಯೂ ಅಕ್ಕನಿಗಿರಲಿಲ್ಲ ಎಂದು ಅವರು ಅಳಲು ಶುರುಮಾಡಿದರು. ನರ್ಸಬಾಯಿ ಮರುದಿನ ಬೆಳಿಗ್ಗೆ ತೀರಿಕೊಂಡರು.

ಆ ತಿಂಗಳ ಪತ್ರವನ್ನು, ಎರಡು ವರ್ಷದಲ್ಲಿ ಮೊದಲ ಸಲ, ಅವರಿಗೆ ತೋರಿಸದೆ ಬರೆದೆ. ಶಾಲೆಯ ಹಿಂದಿನ ಕಾಲುದಾರಿ ಮೊದಲ ಸಾಲಿನಲ್ಲಿತ್ತು. ಎರಡನೆಯ ಸಾಲನ್ನು, ಅವರು ಹೇಳಿ ಬರೆಸಿದಂತೆ, ಅವರ ಹೆಸರಿನ ಒಂದು ಅಕ್ಷರವನ್ನೂ ಬಿಡದೆ ಟೈಪ್ ಮಾಡಿದೆ.